ಸೊನ್ನಲಿಗೆಯ ಕೆರೆ, ಜಯದೇವಿತಾಯಿಯವರ ತ್ರಿಪದಿ

ಕಲೆ ಕಲೆಗಾಗಿಯೋ ಬಾಳಿಗಾಗಿಯೋ ಎಂಬ ವಾದವನ್ನು ಪ್ರಗತಿಶೀಲರ ಕಾಲದಿಂದಲೂ ಕೇಳುತ್ತ ಬಂದಿದ್ದೇವೆ. ಸೊಲ್ಲಾಪುರದಲ್ಲಿ ನಿಂತವರಿಗೆ ಅದು ತುಸು ವಿಚಿತ್ರವಾಗಿ ತೋರುತ್ತದೆ. 12ನೆಯ ಶತಮಾನದಲ್ಲಿ ಇಲ್ಲಿಯ ಕೆರೆಯನ್ನು ಕಟ್ಟಿಸಿದವನೂ ವಚನಗಳನ್ನು ನುಡಿದವನೂ ಒಬ್ಬನೇ ಸಿದ್ಧರಾಮ.

ಅವನ ಕಥೆಯನ್ನು ರಾಘವಾಂಕನು ಷಟ್ಪದಿಯಲ್ಲಿ ಹೇಳಿದನು. ಅದನ್ನು ಮತ್ತೆ ಎತ್ತಿಕೊಂಡ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು (1912–1986) ತ್ರಿಪದಿಯನ್ನು ಆರಿಸಿಕೊಂಡರು. ಅವರ ಸಿದ್ಧರಾಮ ಪುರಾಣದ ಮುಖ್ಯ ಸಾಧನೆ ಈ ಆಯ್ಕೆಯಲ್ಲಿಯೇ ಇದೆಯೆಂದು ನಮ್ಮ ಮತ. ಷಟ್ಪದಿಗೆ ವಾಚಿಸುವವರು, ಅರ್ಥ ಹೇಳುವವರು, ಕುಳಿತು ಕೇಳುವ ಸಭೆ, ಎಲ್ಲವೂ ಬೇಕು. ತ್ರಿಪದಿಗೆ ಒಂದು ಬೀಸುಕಲ್ಲು ಸಾಕು. ಅಕ್ಕಲಕೋಟೆಯೆಂದರೆ ಹೊರಗಿನವರಿಗೆ ಸ್ವಾಮಿ ಸಮರ್ಥರ ಕ್ಷೇತ್ರ, ಮರಾಠಿ ಭಜನೆಯ ಊರು. ಸುತ್ತಲಿನ ಹಳ್ಳಿಗಳಲ್ಲಿ ಅಡಿಗೆಮನೆಯ ಮಾತು ಕನ್ನಡ. ತಾಯಿಯವರು ನೆಚ್ಚಿಕೊಂಡದ್ದು ಆ ಅಡಿಗೆಮನೆಯ ಕಿವಿಯನ್ನು.

ಇದರಿಂದ ಕಾವ್ಯಕ್ಕೆ ತೊಡಕೂ ಬಂದಿದೆ. ಮೂರು ಸಾಲಿಗೆ ಉಸಿರು ಮುಗಿಯುವ ಪದ್ಯವು ದೀರ್ಘಕಥನವನ್ನು ಸರಾಗವಾಗಿ ಒಯ್ಯಲಾರದು. ಸಾವಿರಾರು ತ್ರಿಪದಿಗಳಲ್ಲಿ ಕಥೆ ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ. ಆದರೆ ಸಂಕ್ರಾಂತಿಯ ಗಡ್ಡಾ ಯಾತ್ರೆಯನ್ನು ಬಲ್ಲವರು ಇದನ್ನು ಬರಿಯ ದೋಷವೆನ್ನಲಾರರು. ಏಳು ನಂದಿಧ್ವಜಗಳು 68 ಲಿಂಗಗಳನ್ನು ಸುತ್ತುವಾಗ ಮೆರವಣಿಗೆಯೂ ಹಾಗೆಯೇ ನಿಂತು ನಿಂತು ನಡೆಯುತ್ತದೆ. ಕುಂಬಾರ ಕನ್ಯೆಯೊಬ್ಬಳು ಸಿದ್ಧರಾಮನ ಯೋಗದಂಡವನ್ನು ವರಿಸಿದ ಕಥೆಯನ್ನು ಊರಿಗೆ ಊರೇ ಆಡಿ ತೋರಿಸುತ್ತದೆ. ಕನ್ನಡವರಿಯದ ತೆಲುಗು ನೇಕಾರನಿಗೂ ಅದು ತಿಳಿಯುತ್ತದೆ, ಪುರಾಣ ತಿಳಿಯದು. ತಾಯಿಯವರು ವಚನಗಳನ್ನು ಮರಾಠಿಗೂ ತಂದದ್ದನ್ನು ಇಲ್ಲಿ ನೆನೆಯಬೇಕು.

ನಮ್ಮ ನಿಜವಾದ ಆಕ್ಷೇಪ ಬೇರೆ, ಮತ್ತು ಅದು ತಾಯಿಯವರೊಬ್ಬರ ಮೇಲಿನದಲ್ಲ. ಸೊಲ್ಲಾಪುರ ಸಿದ್ಧರಾಮನ ಊರಾಗಿರುವಂತೆಯೇ ಗಿರಣಿಗಳ ಊರೂ ಆಗಿತ್ತು. 1930ರಲ್ಲಿ ಇಲ್ಲಿ ಮಾರ್ಷಲ್ ಲಾ ಜಾರಿಯಾಯಿತು. 1931ರ ಜನವರಿ 12ರಂದು, ಸಂಕ್ರಾಂತಿ ಇನ್ನೇನು ಬಂತು ಎನ್ನುವಾಗ, ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಇದೇ ಜಿಲ್ಲೆಯ ಬಾರ್ಶಿಯ ಶಾಹೀರ ಅಮರ ಶೇಖರು ಕೂಲಿಕಾರರ ಬದುಕನ್ನು ಮರಾಠಿಯಲ್ಲಿ ಹಾಡಿದರು. ಇಲ್ಲಿಯ ಕನ್ನಡ ಕಾವ್ಯವೋ ಕೆರೆಯ ದಂಡೆಯನ್ನು ಬಿಟ್ಟು ಗಿರಣಿಯ ಬಾಗಿಲಿಗೆ ಹೋಗಲು ಹಿಂಜರಿಯಿತು. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೂ ಮಟ್ಟು ಬೀಸುಕಲ್ಲಿನದೇ ಉಳಿಯಿತು. ಆ ದೊಡ್ಡ ಬಟ್ಟೆಗಿರಣಿಗಳೂ ಈಗ ಮುಚ್ಚಿವೆ. ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಪವರ್‌ಲೂಮುಗಳು ಟವೆಲು ನೇಯುತ್ತಿವೆ. ಆ ಸದ್ದಿಗೆ ಒಪ್ಪುವ ಮಟ್ಟನ್ನು ಕಟ್ಟುವ ಕೆಲಸ ನಮ್ಮ ತರುಣ ಕವಿಗಳಿಗೆ ಉಳಿದಿದೆ.