ವಿನಾಯಿತಿ ಕಾನೂನಿನಲ್ಲಿದೆ, ಜಡತ್ವದಲ್ಲಿಲ್ಲ

ಅಮೆರಿಕ ಮತ್ತು ಆಸ್ಟ್ರೇಲಿಯಗಳ ಗ್ರಾಮೀಣ ಜೀವನದ ಚಿತ್ರಗಳಲ್ಲಿ ಈ ದೃಶ್ಯವನ್ನು ನೀವು ನೋಡಿರಬಹುದು. ಮುಂದೆ ಚಾಲಕನ ಕ್ಯಾಬಿನ್, ಹಿಂದೆ ಸರಕು ಹೇರುವ ತೆರೆದ ತೊಟ್ಟಿ. ಆ ತೊಟ್ಟಿಯಲ್ಲಿ ಒಂದು ನಾಯಿ, ಮುಂಗಾಲುಗಳನ್ನು ಅಂಚಿನ ಮೇಲಿಟ್ಟು, ಗಾಳಿಗೆ ಮುಖವೊಡ್ಡಿ ನಿಂತಿರುತ್ತದೆ. ನೋಡುವವರಿಗೆ ಅದು ಒಡೆಯ ಮತ್ತು ನಾಯಿಯ ಸ್ನೇಹದ ಸಂಕೇತ. ಭೌತವಿಜ್ಞಾನದ ವಿದ್ಯಾರ್ಥಿಗೆ ಮಾತ್ರ ಅದು ವಾಹನಕ್ಕೆ ಯಾವುದರಿಂದಲೂ ಬಿಗಿಯದ, ಸುಮಾರು 25 ಕಿಗ್ರಾಂ ದ್ರವ್ಯರಾಶಿಯ ಒಂದು ಕಾಯ.

ಇಂಥ ಪ್ರಯಾಣವನ್ನು ನಿಯಂತ್ರಿಸುವ ಕಾನೂನುಗಳು ಆ ದೇಶಗಳ ಹಲವು ರಾಜ್ಯಗಳಲ್ಲಿವೆ. ಅವುಗಳನ್ನು ವಕೀಲರು ಓದುವ ಬಗೆ ಬೇರೆ. ಪದವಿಪೂರ್ವ ತರಗತಿಯ ಬಲವಿಜ್ಞಾನವನ್ನು ಕೈಯಲ್ಲಿ ಹಿಡಿದು ಓದಿದರೆ ಅವುಗಳ ಗುಣವೇನು, ದೋಷವೇನು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಕಾನೂನು ಏನು ಹೇಳುತ್ತದೆ?

ಕ್ಯಾಲಿಫೋರ್ನಿಯದ ವಾಹನ ಸಂಹಿತೆಯ 23117ನೆಯ ಕಲಮು ಈ ವಿಷಯಕ್ಕೇ ಮೀಸಲು. ಸರಕಿಗಾಗಿ ಇರುವ ಜಾಗದಲ್ಲಿ ಪ್ರಾಣಿಯನ್ನು ಹೆದ್ದಾರಿಯಲ್ಲಿ ಒಯ್ಯಬೇಕಾದರೆ ಆ ಜಾಗ ಮುಚ್ಚಿರಬೇಕು. ಇಲ್ಲವೇ ನೆಲದಿಂದ ಕನಿಷ್ಠ 46 ಅಂಗುಲ ಎತ್ತರದ ಕಟಕಟೆ ಪಕ್ಕಗಳಲ್ಲಿಯೂ ಹಿಂದೆಯೂ ಇರಬೇಕು. ಇಲ್ಲವೇ ಪ್ರಾಣಿ ಹೊರಬೀಳದಂತೆ ತಡೆಯುವ ಬೇರೆ ಸಾಧನ ಇರಬೇಕು. ಇಲ್ಲವೇ ಪ್ರಾಣಿಯನ್ನು ಎರಡೂ ಪಕ್ಕಗಳಿಂದ ಅಡ್ಡಡ್ಡವಾಗಿ ಕಟ್ಟಿರಬೇಕು. ಇಲ್ಲವೇ ಭದ್ರವಾಗಿ ಕೂರಿಸಿದ ಪೆಟ್ಟಿಗೆ ಅಥವಾ ಪಂಜರದಲ್ಲಿ ಇಟ್ಟಿರಬೇಕು. ಪ್ರಾಣಿ ಎಸೆಯಲ್ಪಡಬಾರದು, ಬೀಳಬಾರದು, ಹಾರಬಾರದು ಎಂಬುದು ಉದ್ದೇಶ. ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನಿನಲ್ಲೂ ಅದೇ 46 ಅಂಗುಲ, ಹೆಚ್ಚು ಕಡಿಮೆ ಅದೇ ಮಾತುಗಳು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರಾಣಿಹಿಂಸೆ ತಡೆ ಕಾಯಿದೆ (1979) ಸಾರ್ವಜನಿಕ ರಸ್ತೆಯಲ್ಲಿ ವಾಹನದ ತೆರೆದ ಹಿಂಭಾಗದಲ್ಲಿ ಒಯ್ಯುವ ನಾಯಿಯನ್ನು ಬೀಳದಂತೆ ಕಟ್ಟಬೇಕು ಅಥವಾ ಕೂಡಿಡಬೇಕು ಎನ್ನುತ್ತದೆ.

ಜೊತೆಗೆ ಒಂದು ವಿನಾಯಿತಿಯೂ ಇದೆ. ಕ್ಯಾಲಿಫೋರ್ನಿಯದಲ್ಲಿ ಕೃಷಿ ಅಥವಾ ಪಶುಪಾಲನೆ ಮಾಡುವವರ ನಾಯಿಗೆ ಗ್ರಾಮೀಣ ರಸ್ತೆಗಳಲ್ಲಿ ಈ ನಿಯಮ ಅನ್ವಯಿಸದು. ನ್ಯೂ ಸೌತ್ ವೇಲ್ಸ್‌ನಲ್ಲಿ ದನ, ಕುರಿ ಕಾಯುವ ಕೆಲಸದ ನಾಯಿಗೂ ಹಾಗೆಯೇ. ಈ ವಿನಾಯಿತಿಗೆ ಆಮೇಲೆ ಬರೋಣ.

ಎಸೆಯುವವರು ಯಾರು?

ಮೊದಲ ಆಕ್ಷೇಪ 'ಎಸೆಯಲ್ಪಡುವುದು' ಎಂಬ ಪದದ ಬಗ್ಗೆ. ಇದು ಕಾನೂನಿನ ದೋಷ ಮಾತ್ರವಲ್ಲ, ನಮ್ಮ ತರಗತಿಗಳ ದೋಷವೂ ಹೌದು. ಬಸ್ಸು ತಟ್ಟನೆ ನಿಂತಾಗ ಪ್ರಯಾಣಿಕ 'ಮುಂದಕ್ಕೆ ತಳ್ಳಲ್ಪಡುತ್ತಾನೆ' ಎಂದು ನಾವು ಹೇಳುತ್ತೇವೆ. ತಳ್ಳಿದವರು ಯಾರು? ಯಾರೂ ಇಲ್ಲ. ಪ್ರಯಾಣಿಕ ತನ್ನ ವೇಗವನ್ನು ಉಳಿಸಿಕೊಂಡ. ವೇಗ ಬದಲಿಸಿದ್ದು ಬಸ್ಸು. ತಳ್ಳುವ ಬಲವೊಂದು ಇದೆ ಎಂದು ನಂಬಿದವರು ಗಟ್ಟಿಯಾಗಿ ಕಾಲೂರಿ ಅದನ್ನು ಎದುರಿಸಬಹುದು ಎಂದೂ ನಂಬುತ್ತಾರೆ. ವಾಸ್ತವದಲ್ಲಿ ಕೇಳಬೇಕಾದ ಪ್ರಶ್ನೆ ಇದು: ವಾಹನದೊಂದಿಗೆ ನಾಯಿಯ ವೇಗವೂ ಬದಲಾಗುವಂತೆ ಮಾಡಬಲ್ಲ ಬಲ ಎಲ್ಲಿಂದ ಬರಬೇಕು? ಕಟ್ಟದ ನಾಯಿಗೆ ಉತ್ತರ ಒಂದೇ: ಪಾದಗಳ ಕೆಳಗಿನ ಘರ್ಷಣೆ.

ಬಣ್ಣ ಬಳಿದ ಲೋಹದ ನೆಲದ ಮೇಲೆ ಘರ್ಷಣಾ ಗುಣಾಂಕ 0.4 ಎಂದು ಇಟ್ಟುಕೊಳ್ಳೋಣ. ಆಗ ಘರ್ಷಣೆ ನಾಯಿಗೆ ಕೊಡಬಲ್ಲ ಗರಿಷ್ಠ ವೇಗೋತ್ಕರ್ಷ ಸುಮಾರು 3.9 ಮೀ/ಸೆ². ಒಣ ಡಾಂಬರು ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಹಾಕಿದ ವಾಹನದ ವೇಗ ಸೆಕೆಂಡಿಗೆ 7 ಮೀ/ಸೆ ದರದಲ್ಲಿ ಕುಗ್ಗಬಲ್ಲದು. ವ್ಯತ್ಯಾಸ 3.1 ಮೀ/ಸೆ². ಕ್ಯಾಬಿನ್ನಿನಿಂದ 1 ಮೀಟರು ಹಿಂದೆ ನಿಂತಿದ್ದ ನಾಯಿ ಜಾರಿ, ಅದರ ಗೋಡೆಗೆ ಸುಮಾರು 2.5 ಮೀ/ಸೆ, ಅಂದರೆ ಗಂಟೆಗೆ 9 ಕಿಮೀ ಸಾಪೇಕ್ಷ ವೇಗದಲ್ಲಿ ತಾಗುತ್ತದೆ. ನೋವಾಗುತ್ತದೆ, ಆದರೆ ನಾಯಿ ರಸ್ತೆಗೆ ಬೀಳುವುದಿಲ್ಲ, ಏಕೆಂದರೆ ಮುಂದೆ ಗೋಡೆ ಇದೆ. ಪಠ್ಯಪುಸ್ತಕಗಳ ಅಚ್ಚುಮೆಚ್ಚಿನ ಬ್ರೇಕಿನ ಉದಾಹರಣೆ ಇಲ್ಲಿ ಮುಖ್ಯ ಅಪಾಯವನ್ನು ಮರೆಸುತ್ತದೆ. ಆ ಅಪಾಯ ಇರುವುದು ತಿರುವಿನಲ್ಲಿ ಮತ್ತು ಉಬ್ಬಿನಲ್ಲಿ.

ತಿರುವು ಮತ್ತು ಉಬ್ಬು

ಗಂಟೆಗೆ 40 ಕಿಮೀ ವೇಗದಲ್ಲಿ 40 ಮೀಟರು ತ್ರಿಜ್ಯದ ತಿರುವಿಗೆ ಬೇಕಾದ ಕೇಂದ್ರಾಭಿಮುಖ ವೇಗೋತ್ಕರ್ಷ 3.1 ಮೀ/ಸೆ². ಇದು ಘರ್ಷಣೆಯ ಮಿತಿಯಾದ 3.9ಕ್ಕಿಂತ ಕಡಿಮೆ. ಹಾಗಾದರೆ ನಾಯಿ ಕ್ಷೇಮವೇ? ಅಲ್ಲ. ಜಾರುವ ಮೊದಲೇ ಅದು ಉರುಳಬಹುದು. ದೊಡ್ಡ ನಾಯಿಯೊಂದರ ಗುರುತ್ವ ಕೇಂದ್ರ ನೆಲದಿಂದ 45 ಸೆಂಮೀ ಎತ್ತರದಲ್ಲಿದೆ, ಎಡ ಬಲ ಪಾದಗಳ ನಡುವೆ 20 ಸೆಂಮೀ ಅಂತರವಿದೆ ಎನ್ನೋಣ. ಪಕ್ಕಕ್ಕೆ ಉರುಳದೆ ಅದು ತಾಳಬಲ್ಲ ವೇಗೋತ್ಕರ್ಷ, ಗುರುತ್ವ ವೇಗೋತ್ಕರ್ಷದ 45ರಲ್ಲಿ 10 ಭಾಗ. ಅಂದರೆ ಸುಮಾರು 2.2 ಮೀ/ಸೆ² ಮಾತ್ರ. ಮುಂಗಾಲು ಹಿಂಗಾಲುಗಳ ಅಂತರ 60 ಸೆಂಮೀ ಇರುವುದರಿಂದ ಉದ್ದದ ದಿಕ್ಕಿನಲ್ಲಿ ಅದು ಇದರ ಮೂರರಷ್ಟನ್ನು ತಾಳಬಲ್ಲದು. ನಾಲ್ಕು ಕಾಲಿನ ಪ್ರಾಣಿ ಭದ್ರ ಎಂಬ ನಮ್ಮ ಭಾವನೆ ಒಂದು ದಿಕ್ಕಿಗೆ ಮಾತ್ರ ನಿಜ. ಜೀವಂತ ನಾಯಿ ಬಾಗುತ್ತದೆ, ಕುಕ್ಕರಿಸುತ್ತದೆ, ಕಾಲು ಅಗಲಿಸುತ್ತದೆ, ನಿಜ. ಆದರೆ ಅದಕ್ಕೆ ಮುಂದಿನ ರಸ್ತೆ ಕಾಣುವುದಿಲ್ಲ. ಚಾಲಕ ಯಾವಾಗ ಸ್ಟಿಯರಿಂಗ್ ತಿರುಗಿಸುತ್ತಾನೆ ಎಂಬುದು ತಿಳಿಯುವುದಿಲ್ಲ.

ಇನ್ನು ಉಬ್ಬು. ಘರ್ಷಣೆ ಇರುವುದು ನೆಲ ಪಾದವನ್ನು ಮೇಲಕ್ಕೆ ಒತ್ತುತ್ತಿರುವಷ್ಟು ಹೊತ್ತು ಮಾತ್ರ. 10 ಮೀಟರು ವಕ್ರತಾ ತ್ರಿಜ್ಯದ ಉಬ್ಬನ್ನು ಗಂಟೆಗೆ ಸುಮಾರು 36 ಕಿಮೀ ವೇಗದಲ್ಲಿ ದಾಟಿದರೆ ಮೇಲ್ತುದಿಯಲ್ಲಿ ಆ ಒತ್ತು ಶೂನ್ಯವಾಗುತ್ತದೆ. ಒತ್ತು ಶೂನ್ಯವಾದಾಗ ಘರ್ಷಣೆಯೂ ಶೂನ್ಯ. ಸರಕಿಗೆಂದು ರೂಪಿಸಿದ ಬಿಗಿಯಾದ ಪಟ್ಟಿ ಸ್ಪ್ರಿಂಗುಗಳಿಗೆ 25 ಕಿಗ್ರಾಂ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಖಾಲಿ ಟ್ರಕ್ಕಿನ ಹಿಂಭಾಗ ಇನ್ನೂ ಹೆಚ್ಚು ಕುಪ್ಪಳಿಸುತ್ತದೆ. ತಿರುವಿನಲ್ಲೇ ಉಬ್ಬು ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಬಹುದು.

46 ಅಂಗುಲದ ಅರ್ಥ

ಇಲ್ಲಿ ಕಾನೂನನ್ನು ಮೆಚ್ಚಬೇಕು. 46 ಅಂಗುಲವೆಂದರೆ ಸುಮಾರು 117 ಸೆಂಮೀ. ತೊಟ್ಟಿಯ ಸಾಮಾನ್ಯ ಪಕ್ಕಗೋಡೆ 50 ಸೆಂಮೀ ಆಸುಪಾಸಿನದು. ನಾಯಿ ಮುಂಗಾಲುಗಳನ್ನು ಅದರ ಮೇಲಿಟ್ಟು ನಿಂತಾಗ ಅದರ ಗುರುತ್ವ ಕೇಂದ್ರ ಅಂಚಿಗಿಂತ ಮೇಲಕ್ಕೆ ಏರುತ್ತದೆ. ಆಗ ಆ ಗೋಡೆ ತಡೆಯಲ್ಲ, ಉರುಳಲು ನೆರವಾಗುವ ಸನ್ನೆಯ ಆಧಾರಬಿಂದು. ಅಂಚು 117 ಸೆಂಮೀ ಎತ್ತರದಲ್ಲಿದ್ದರೆ ಗುರುತ್ವ ಕೇಂದ್ರ ಅದಕ್ಕಿಂತ ಕೆಳಗೇ ಉಳಿಯುತ್ತದೆ. ಕಟಕಟೆ ನಾಯಿಯನ್ನು ಒಳಕ್ಕೇ ಒತ್ತುತ್ತದೆ.

ಆದರೆ ಚುರುಕಾದ ದೊಡ್ಡ ನಾಯಿಗೆ 117 ಸೆಂಮೀ ಹಾರುವುದು ಕಷ್ಟವಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ಕಾನೂನು ಯೋಚಿಸುತ್ತಿರುವುದು ಹೊರಗೆ ಬೀಳುವ ನಾಯಿಯ ಬಗ್ಗೆ. ಒಳಗೇ ಅಪ್ಪಳಿಸುವ ನಾಯಿಯ ಬಗ್ಗೆ ಅಲ್ಲ. ಗಂಟೆಗೆ 50 ಕಿಮೀ ವೇಗದ ಟ್ರಕ್ಕು ಡಿಕ್ಕಿ ಹೊಡೆದು 0.6 ಮೀಟರಿನಲ್ಲಿ ನಿಂತಿತೆನ್ನಿ. ಕಟಕಟೆಯೊಳಗೆ, 1 ಮೀಟರು ಹಿಂದೆ, ಕಟ್ಟದೆ ನಿಂತ ನಾಯಿ ಸುಮಾರು 48 ಕಿಮೀ ವೇಗದಲ್ಲಿ ಕ್ಯಾಬಿನ್ನಿಗೆ ಬಡಿಯುತ್ತದೆ. ಕಾನೂನನ್ನು ಅಕ್ಷರಶಃ ಪಾಲಿಸಿಯೂ ನಾಯಿ ಸಾಯಬಹುದು.

ಹಗ್ಗದ ಸಡಿಲು

ಒಂದೇ ಹಗ್ಗ, ಅದೂ ಉದ್ದವಾಗಿದ್ದರೆ, ಕಟ್ಟದಿರುವುದಕ್ಕಿಂತ ಕ್ರೂರ: ನಾಯಿ ಅಂಚು ದಾಟಿ ನೇತಾಡುತ್ತದೆ. ಎರಡು ಕಡೆಯಿಂದ ಕಟ್ಟಬೇಕೆಂಬ ಮಾತು ಆದ್ದರಿಂದ ಸರಿಯಾದದ್ದು. ಆದರೆ ಎಷ್ಟು ಬಿಗಿಯಾಗಿ, ಮೈಯ ಯಾವ ಭಾಗಕ್ಕೆ ಎಂಬುದನ್ನು ಈ ಕಲಮು ಹೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಮೇಲಿನ ಡಿಕ್ಕಿಯಲ್ಲಿ 25 ಕಿಗ್ರಾಂ ನಾಯಿಯ ಚಲನಶಕ್ತಿ ಸುಮಾರು 2400 ಜೂಲ್. ಹಗ್ಗ ಸಡಿಲವಾಗಿದ್ದು, ಟ್ರಕ್ಕು ನಿಂತ ಮೇಲೆ ಬಿಗಿಯಾಗಿ, 10 ಸೆಂಮೀ ಹಿಗ್ಗಿ ನಾಯಿಯನ್ನು ನಿಲ್ಲಿಸಿದರೆ ಸರಾಸರಿ ಬಲ 24,000 ನ್ಯೂಟನ್. ಎರಡೂವರೆ ಟನ್ನಿನ ತೂಕಕ್ಕೆ ಸಮ. ಹಗ್ಗ ಮೊದಲೇ ಬಿಗಿಯಾಗಿದ್ದರೆ ನಾಯಿ ಟ್ರಕ್ಕಿನೊಂದಿಗೇ ನಿಧಾನವಾಗುತ್ತದೆ. ನಿಲ್ಲುವ ದೂರ 0.7 ಮೀಟರು, ಬಲ ಸುಮಾರು 3,400 ನ್ಯೂಟನ್. ಏಳರಲ್ಲಿ ಒಂದು ಪಾಲು. ಇದೂ ಕುತ್ತಿಗೆಪಟ್ಟಿಯ ಮೇಲೆ ಬಿದ್ದರೆ ಮಾರಕವೇ. ಎದೆಯನ್ನು ಬಳಸುವ ಅಗಲ ಪಟ್ಟಿಯ ಮೇಲೆ ಹರಡಿದರೆ ಬದುಕುವ ಅವಕಾಶ ಇದೆ. ಕಾರಿನ ಸೀಟುಬೆಲ್ಟನ್ನು ಸಡಿಲ ಬಿಡಬಾರದು ಎನ್ನುವುದಕ್ಕೂ ಇದೇ ಕಾರಣ.

ಯಾರಿಗೆ ವಿನಾಯಿತಿ?

ಈಗ ವಿನಾಯಿತಿಯ ಪ್ರಶ್ನೆ. ಅದರ ಪರವಾದ ವಾದ ಹೀಗಿರಬಹುದು: ಕೆಲಸದ ನಾಯಿ ಪಳಗಿದ್ದು, ಜಮೀನಿನಲ್ಲಿ ವಾಹನ ನಿಧಾನವಾಗಿ ಹೋಗುತ್ತದೆ, ನಾಯಿ ಮತ್ತೆ ಮತ್ತೆ ಹತ್ತಿ ಇಳಿಯಬೇಕು. ಇದರಲ್ಲಿ ತಿರುಳಿದೆ. ಗಂಟೆಗೆ 20 ಕಿಮೀ ವೇಗದಲ್ಲಿ ಚಲನಶಕ್ತಿ 60 ಕಿಮೀ ವೇಗದಲ್ಲಿರುವುದರ ಒಂಬತ್ತನೆಯ ಒಂದು ಪಾಲು ಮಾತ್ರ. ಹಾಗಿದ್ದರೆ ವಿನಾಯಿತಿಯನ್ನು ವೇಗಕ್ಕೆ ಕೊಡಬೇಕಿತ್ತು, ಒಡೆಯನ ಕಸುಬಿಗಲ್ಲ. ಗ್ರಾಮೀಣ ರಸ್ತೆಯೆಂದರೆ ನಿಧಾನದ ರಸ್ತೆಯೆಂದು ಅರ್ಥವಲ್ಲ. ಸಂಚಾರ ವಿರಳವಾದಲ್ಲಿ ವಾಹನಗಳು ಇನ್ನೂ ವೇಗವಾಗಿ ಓಡುತ್ತವೆ. 60 ಕಿಮೀ ವೇಗದಲ್ಲಿ ಡಾಂಬರಿಗೆ ಬಿದ್ದ ನಾಯಿ 20 ಮೀಟರಿಗೂ ಹೆಚ್ಚು ದೂರ ಉಜ್ಜಿಕೊಂಡು ಹೋಗುತ್ತದೆ. ಅದರ ಸುಮಾರು 3500 ಜೂಲ್ ಶಕ್ತಿಯ ಬಹುಪಾಲು ವ್ಯಯವಾಗುವುದು ಚರ್ಮ ಮತ್ತು ರಸ್ತೆಯ ನಡುವೆ. ಅದನ್ನು ತಪ್ಪಿಸಲು ಹಿಂದಿನ ವಾಹನದವನು ಪಕ್ಕಕ್ಕೆ ಎಳೆದುಕೊಂಡರೆ ಮನುಷ್ಯರ ಪ್ರಾಣಕ್ಕೂ ಸಂಚಕಾರ.

'ಹತ್ತು ವರ್ಷದಿಂದ ಒಯ್ಯುತ್ತಿದ್ದೇನೆ, ಏನೂ ಆಗಿಲ್ಲ' ಎಂಬ ಮಾತನ್ನೂ ಪರೀಕ್ಷಿಸೋಣ. ಉದಾಹರಣೆಗೆ, ನಾಯಿ ಬೀಳುವ ಸಂಭವ 5000 ಪ್ರಯಾಣಕ್ಕೆ ಒಂದು ಎಂದು ಕಲ್ಪಿಸಿಕೊಳ್ಳಿ. ವರ್ಷಕ್ಕೆ 300ರಂತೆ ಹತ್ತು ವರ್ಷಕ್ಕೆ 3000 ಪ್ರಯಾಣ. ಏನೂ ಆಗದಿರುವ ಸಂಭಾವ್ಯತೆ ಸುಮಾರು 0.55. ಅಂದರೆ ನೂರು ಒಡೆಯರಲ್ಲಿ 55 ಮಂದಿ ಪ್ರಾಮಾಣಿಕವಾಗಿಯೇ ಆ ಮಾತು ಹೇಳುತ್ತಾರೆ. ಉಳಿದ 45 ಮಂದಿಯ ನಾಯಿ ಬಿದ್ದಿರುತ್ತದೆ. ಅನುಭವ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ಸುಳ್ಳು.

ನಮ್ಮ ರಸ್ತೆಗಳಲ್ಲಿ

ಭಾರತದ ಪ್ರಾಣಿಹಿಂಸೆ ತಡೆ ಕಾಯಿದೆ (1960) ಪ್ರಾಣಿಗೆ ಅನವಶ್ಯಕ ನೋವಾಗುವಂತೆ ಅದನ್ನು ಸಾಗಿಸುವುದನ್ನು 11ನೆಯ ಕಲಮಿನಲ್ಲಿ ಅಪರಾಧವೆನ್ನುತ್ತದೆ. ಆದರೆ ಆ ಕಾಯಿದೆ ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಹೇಳಬೇಕಾದದ್ದು ಮತ್ತೊಂದಿದೆ. ನಮ್ಮಲ್ಲಿ ತೆರೆದ ತೊಟ್ಟಿಯಲ್ಲಿ ನಿಂತು ಹೋಗುವುದು ನಾಯಿಗಿಂತ ಹೆಚ್ಚಾಗಿ ಮನುಷ್ಯರು: ಕೂಲಿಯವರು, ಮದುವೆ ದಿಬ್ಬಣದವರು, ಜಾತ್ರೆಗೆ ಹೊರಟವರು. ಸರಕಿನ ವಾಹನದಲ್ಲಿ ಹೀಗೆ ಜನರನ್ನು ಒಯ್ಯುವುದು ಕಾನೂನುಬಾಹಿರ ಎಂಬುದು ಎಲ್ಲರಿಗೂ ಗೊತ್ತು. ಲೆಕ್ಕ ಮಾತ್ರ ಗೊತ್ತಿಲ್ಲ. ನಿಂತ ಮನುಷ್ಯನ ಗುರುತ್ವ ಕೇಂದ್ರ ಸುಮಾರು 1 ಮೀಟರು ಎತ್ತರದಲ್ಲಿರುತ್ತದೆ. ಪಾದಗಳನ್ನು 30 ಸೆಂಮೀ ಅಗಲಿಸಿ ನಿಂತರೂ ಅವನು ಪಕ್ಕಕ್ಕೆ ತಾಳಬಲ್ಲದ್ದು 1.5 ಮೀ/ಸೆ²; ನಾಯಿಗಿಂತ ಕಡಿಮೆ. ಮೊಣಕಾಲೆತ್ತರದ ಪಕ್ಕಗೋಡೆ ಅವನಿಗೆ ರಕ್ಷಣೆಯಲ್ಲ, ಸನ್ನೆಯ ಆಧಾರ. ಟ್ರಕ್ಕು ಆರಾಮವಾಗಿ ದಾಟುವ ಆ 40 ಮೀಟರು ತ್ರಿಜ್ಯದ ತಿರುವು ಅವನಿಗೆ ಎರಡು ಪಟ್ಟು ಹೆಚ್ಚು.

ಅಧ್ಯಾಪಕರೇ, ಮುಂದಿನ ಬಾರಿ ಜಡತ್ವ ಪಾಠ ಮಾಡುವಾಗ ಒಂದು ಹಲಗೆ ಮತ್ತು ಬೆಂಕಿಪೊಟ್ಟಣ ತೆಗೆದುಕೊಂಡು ಹೋಗಿ. ಪೊಟ್ಟಣವನ್ನು ಒಮ್ಮೆ ಮಲಗಿಸಿ, ಒಮ್ಮೆ ನೆಟ್ಟಗೆ ನಿಲ್ಲಿಸಿ ಹಲಗೆಯನ್ನು ನಿಧಾನವಾಗಿ ಓರೆ ಮಾಡಿ. ಜಾರುವುದು ಯಾವಾಗ, ಉರುಳುವುದು ಯಾವಾಗ ಎಂದು ಕೋನವನ್ನು ಅಳೆಯಿಸಿ. 2.2 ಮೀ/ಸೆ² ಎಂದರೆ ಸುಮಾರು 12.5 ಡಿಗ್ರಿ ಓರೆ, 1.5 ಮೀ/ಸೆ² ಎಂದರೆ ಸುಮಾರು 8.5 ಡಿಗ್ರಿ. ಆಮೇಲೆ ಮಕ್ಕಳನ್ನು ಕೇಳಿ: ನಿಮ್ಮೂರಿನಿಂದ ಸಂತೆಗೆ ಹೋಗುವ ಗಾಡಿಯಲ್ಲಿ ಯಾರು ಯಾರು ನಿಂತು ಹೋಗುತ್ತಾರೆ?