ಕಣಜವೆಂಬ ರೂಪಕ

ಶಾಸ್ತ್ರಗ್ರಂಥಗಳಲ್ಲಿ ಬರುವ ರೂಪಕವನ್ನು ಬರಿಯ ಅಲಂಕಾರವೆಂದು ಬದಿಗಿಡುವುದು ವಾಡಿಕೆ. ಕಾವ್ಯದಲ್ಲಿ ಉಪಮಾನವು ಹೊಂದದಿದ್ದರೆ ರಸಭಂಗವಾದೀತು. ಶಾಸ್ತ್ರದಲ್ಲಿಯಾದರೋ ಅರ್ಥವೇ ಕೆಡುವುದು. ಜೀವಕೋಶದೊಳಗಣ ಕ್ಯಾಲ್ಸಿಯಮ್ಮಿನ ವಿಚಾರವಾಗಿ ಬೆಳೆದು ಬಂದಿರುವ ಪರಿಭಾಷೆಯು ಇದಕ್ಕೆ ತಕ್ಕ ನಿದರ್ಶನ. ಇಂಗ್ಲಿಷಿನಲ್ಲಿ ‘ಸ್ಟೋರ್’ ಎಂದು ರೂಢಿಗೊಂಡಿರುವ ಪದವನ್ನು ಕನ್ನಡಿಸಹೊರಟವರಿಗೆ ಸಹಜವಾಗಿ ತೋರುವುದು ‘ಕಣಜ’. ಅದರ ಗುಣದೋಷಗಳನ್ನು ವಿವೇಚಿಸುವುದು ಉಚಿತವಾಗಿದೆ.

ಮೊದಲು ಗುಣ. ಕಣಜವು ತಾನಾಗಿ ತುಂಬುವುದಿಲ್ಲ, ದುಡಿದು ತುಂಬಬೇಕು. ಕೋಶದಲ್ಲಿಯೂ ಹಾಗೆಯೇ. ಎಂಡೊಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಯ ಜಾಲದೊಳಕ್ಕೆ ಕ್ಯಾಲ್ಸಿಯಮ್ಮನ್ನು ಸಾಗಿಸುವ ಪಂಪು ಪ್ರತಿ ಎರಡು ಅಯಾನುಗಳಿಗೆ ಒಂದು ಎ.ಟಿ.ಪಿ. ಅಣುವನ್ನು ವ್ಯಯಮಾಡುತ್ತದೆ. ವಿಶ್ರಾಂತ ಸ್ಥಿತಿಯ ಕೋಶರಸದಲ್ಲಿ ಮುಕ್ತ ಕ್ಯಾಲ್ಸಿಯಂ ಲೀಟರಿಗೆ ಸುಮಾರು 100 ನ್ಯಾನೊಮೋಲ್ ಮಾತ್ರ; ಜಾಲದೊಳಗೆ ಅದರ ಸಾವಿರಾರು ಪಟ್ಟು. 1983ರಲ್ಲಿ ಸ್ಟ್ರೆಬ್, ಅರ್ವಿನ್, ಬೆರಿಡ್ಜ್, ಶುಲ್ಟ್ಸ್ ಎಂಬ ವಿದ್ವಾಂಸರು ಮೇದೋಜೀರಕಾಂಗದ ಕೋಶಗಳಲ್ಲಿ, ಇನೊಸಿಟಾಲ್ ಟ್ರೈಸ್‌ಫಾಸ್ಫೇಟ್ ಎಂಬ ಅಣುವು ಈ ಸಂಗ್ರಹವನ್ನು ಬಿಡಿಸುವುದೆಂದು ತೋರಿಸಿಕೊಟ್ಟರು. ಕಣಜವಾಯಿತು, ಬಾಗಿಲಾಯಿತು, ಬೀಗದ ಕೈಯೂ ದೊರೆಯಿತು; ರೂಪಕವು ಸಾಂಗವಾದಂತೆ ಕಂಡಿತು.

ದೋಷವಿರುವುದು ಇಲ್ಲಿಯೇ. ಕಣಜದೊಳಗಿನ ಧಾನ್ಯಕ್ಕೆ ಬಾಗಿಲಿನ ಮೇಲೆ ಅಧಿಕಾರವಿಲ್ಲ. ಕೋಶದಲ್ಲಿಯಾದರೋ ಹೊರಬಂದ ಕ್ಯಾಲ್ಸಿಯಮ್ಮೇ ಬಾಗಿಲನ್ನು ಆಳುತ್ತದೆ. 1991ರಲ್ಲಿ ಬೆಜ್‌ಪ್ರೊಜ್ವಾನ್ನಿ, ವಾಟ್ರಾಸ್, ಎಹ್ರ್‌ಲಿಕ್ ಎಂಬವರು ಕಿರುಮೆದುಳಿನಿಂದ ಪಡೆದ ಈ ದ್ವಾರವನ್ನು ಪರೀಕ್ಷಿಸಿದಾಗ, ಕೋಶರಸದ ಕಡೆಯ ಕ್ಯಾಲ್ಸಿಯಂ ಸ್ವಲ್ಪ ಏರಿದರೆ ಅದು ಹೆಚ್ಚಾಗಿ ತೆರೆಯುವುದೆಂದೂ, ಬಹಳ ಏರಿದರೆ ಮುಚ್ಚಿಕೊಳ್ಳುವುದೆಂದೂ ಕಂಡುಬಂದಿತು. ರೇಖೆಯನ್ನು ಬರೆದರೆ ಗಂಟೆಯ ಆಕಾರ. ಅಲೆಅಲೆಯಾಗಿ ಕ್ಯಾಲ್ಸಿಯಂ ಏರಿಳಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಬೀಗದ ಕೈಯ ಚಿತ್ರವನ್ನೇ ನೆಚ್ಚಿದ ವಿದ್ಯಾರ್ಥಿಗೆ ಈ ಏರಿಳಿತವು ಒಗಟಾಗಿಯೇ ಉಳಿಯುವುದು.

ರೂಪಕವು ಕೆಟ್ಟಾಗ ಶಾಸ್ತ್ರಜ್ಞರು ಏನು ಮಾಡುತ್ತಾರೆಂಬುದಕ್ಕೂ ಇಲ್ಲಿಯೇ ಉದಾಹರಣೆಯುಂಟು. ಸಂಗ್ರಹವು ಬರಿದಾದಾಗ ಹೊರಗಿನಿಂದ ಕ್ಯಾಲ್ಸಿಯಂ ಒಳಬರುವ ಕ್ರಮಕ್ಕೆ 1986ರಲ್ಲಿ ಜೇಮ್ಸ್ ಪಟ್ನಿಯವರು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರನ್ನು ಉಪಮಾನವಾಗಿಟ್ಟು ಹೆಸರು ಕೊಟ್ಟರು. ಬರಬರುತ್ತ ಆ ಹೆಸರು ಹಿಂದೆ ಸರಿದು, ‘ಸಂಗ್ರಹಾಧೀನ ಪ್ರವೇಶ’ ಎಂಬರ್ಥದ ಸಾದಾ ಹೆಸರು ನೆಲೆಗೊಂಡಿತು. 2005ರಲ್ಲಿ ಸ್ಟಿಮ್ 1 ಎಂಬ ಪ್ರೋಟೀನು ಜಾಲದೊಳಗಿನ ಬರಿದಾಗುವಿಕೆಯನ್ನು ಅರಿಯುವುದೆಂದು ತಿಳಿದುಬಂದ ಮೇಲಂತೂ, ಸಂಗ್ರಹವು ಜಡವಾದ ಪಾತ್ರೆಯೆಂಬ ಭಾವನೆಗೆ ಆಧಾರವೇ ಉಳಿಯಲಿಲ್ಲ. ತನ್ನ ಕೊರತೆಯನ್ನು ತಾನೇ ಅರಿತು ಹೊರಬಾಗಿಲಿಗೆ ಸುದ್ದಿ ಮುಟ್ಟಿಸುವ ಕಣಜವು ಲೋಕದಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ‘ಕಣಜ’ವನ್ನು ಬಿಡಬೇಕೆ? ಪ್ರಥಮ ಪರಿಚಯಕ್ಕೆ ಅದು ಬೇಕು. ಶ್ರಮದಿಂದ ಕೂಡಿಟ್ಟುದೆಂಬ ಅರ್ಥವನ್ನು ಅಷ್ಟು ಚೆನ್ನಾಗಿ ತರುವ ಪದ ಬೇರೊಂದು ಸಿಕ್ಕುವುದು ಕಷ್ಟ. ಆದರೆ ಪರಿಭಾಷೆಯಾಗಿ ನಿಲ್ಲಲು ‘ಸಂಚಯ’ದಂತಹ, ಚಿತ್ರವನ್ನು ಹೇರದ ಪದವೇ ಮೇಲು. ಬೋಧಕನು ಕಣಜವೆಂದು ಆರಂಭಿಸಿ, ಆ ಹೋಲಿಕೆ ಎಲ್ಲಿ ಮುರಿಯುವುದೆಂಬುದನ್ನು ತೋರಿಸಿದನೆಂದರೆ ಪಾಠದ ಮುಕ್ಕಾಲು ಭಾಗ ಮುಗಿದಂತೆಯೇ. ಉಪಮಾನಕ್ಕೂ ಉಪಮೇಯಕ್ಕೂ ಇರುವ ಭೇದವನ್ನು ಮರೆಯಬಾರದೆಂಬ ಅಲಂಕಾರಶಾಸ್ತ್ರದ ಎಚ್ಚರಿಕೆಯು ವಿಜ್ಞಾನದ ತರಗತಿಗೂ ಅಷ್ಟೇ ಸಲ್ಲುತ್ತದೆ.