ಲಾಂಪೆದೂಸಾನ ಏಕಮಾತ್ರ ಕಾದಂಬರಿ

ಗ್ರಂಥಕರ್ತನು ತೀರಿಕೊಂಡ ಮೇಲೆ ಕೀರ್ತಿಗೆ ಬಂದ ಗ್ರಂಥವನ್ನು ಕುರಿತು ಮಾತನಾಡುವಾಗ, ನಾವು ಗ್ರಂಥವನ್ನು ಬಿಟ್ಟು ಗ್ರಂಥಕರ್ತನ ದುರದೃಷ್ಟಕ್ಕಾಗಿ ಮರುಗುವುದೇ ಹೆಚ್ಚು. ಮರುಕವು ಸಹಜವಾದುದೇ, ಆದರೆ ಅದು ವಿಮರ್ಶೆಯಲ್ಲ. ಇಟಲಿಯ ಜುಸೆಪ್ಪೆ ತೊಮಾಸಿ ದಿ ಲಾಂಪೆದೂಸಾನ ವಿಷಯದಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯಕ.

ಈತನು 1896ರಲ್ಲಿ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ, ಸಿರಿ ಕರಗುತ್ತ ಬಂದಿದ್ದ ಒಂದು ಪ್ರಭುಮನೆತನದಲ್ಲಿ ಹುಟ್ಟಿದನು. ಆಯುಷ್ಯದ ಬಹುಭಾಗವನ್ನು ಓದಿನಲ್ಲಿಯೇ ಕಳೆದು, ಅರವತ್ತು ಸಮೀಪಿಸಿದಾಗ ಕಾದಂಬರಿಗೆ ಕೈಯಿಟ್ಟನು. 1956ರಲ್ಲಿ ಮುಗಿದ ಹಸ್ತಪ್ರತಿಯನ್ನು ಮೊಂದಾದೋರಿ, ಐನಾವ್ದಿ ಎಂಬ ಎರಡು ಪ್ರಸಿದ್ಧ ಪ್ರಕಾಶನಸಂಸ್ಥೆಗಳು ನಿರಾಕರಿಸಿದವು. ಎರಡನೆಯ ನಿರಾಕರಣಪತ್ರವು ಬಂದ ಕೆಲವೇ ದಿನಗಳಲ್ಲಿ, 1957ರ ಜುಲೈ 23ರಂದು, ಅವನು ರೋಮಿನಲ್ಲಿ ಕಾಲವಾದನು. ಮರುವರ್ಷ ಜೋರ್ಜೊ ಬಸ್ಸಾನಿಯೆಂಬ ಕಾದಂಬರಿಕಾರನ ಆಸ್ಥೆಯಿಂದ ‘ಇಲ್ ಗತ್ತೊಪಾರ್ದೊ’ ಅಚ್ಚಾಯಿತು; 1959ರಲ್ಲಿ ಅದಕ್ಕೆ ಸ್ತ್ರೇಗಾ ಬಹುಮಾನವು ಸಂದಿತು. ಇಂಗ್ಲಿಷಿನಲ್ಲಿ ಅದು ‘ದಿ ಲೆಪರ್ಡ್’ ಎಂದು ಪ್ರಸಿದ್ಧವಾಗಿದೆ.

ಎರಡನೆಯ ಪತ್ರವನ್ನು ಬರೆದ ಎಲಿಯೊ ವಿತ್ತೊರಿನಿಯೂ ಸಿಸಿಲಿಯವನೇ, ಕಾದಂಬರಿಕಾರನೇ. ಅರಸಿಕನೆಂದು ಅವನನ್ನು ತಳ್ಳಿಹಾಕುವಂತಿಲ್ಲ. ಕಥೆಯಲ್ಲಿ ಪ್ರಬಂಧದ ಧಾಟಿಯು ಹೆಚ್ಚಾಯಿತೆಂಬುದು ಅವನ ಆಕ್ಷೇಪ. ಆಕ್ಷೇಪವು ನಿರಾಧಾರವಲ್ಲ. 1860ರಲ್ಲಿ ಗಾರಿಬಾಲ್ದಿಯು ಸಿಸಿಲಿಗೆ ಬಂದಿಳಿದಾಗ ತನ್ನ ಕುಲದ ಕಾಲ ಮುಗಿಯಿತೆಂದು ಕಂಡುಕೊಂಡ ದೊನ್ ಫಬ್ರೀತ್ಸಿಯೊ ಎಂಬ ಪ್ರಭುವಿನ ಕಥೆಯಿದು. ಅದರಲ್ಲಿ ಘಟನೆಗಳು ಕಡಮೆ, ಚಿಂತನೆ ಹೆಚ್ಚು. ಪಾದ್ರಿ ಪಿರ್ರೋನೆಯು ತನ್ನೂರಿಗೆ ಹೋಗಿಬರುವ ಐದನೆಯ ಅಧ್ಯಾಯವಂತೂ ಕಥೆಯ ಮೈಯಿಂದ ಹೊರಗೆ ನಿಂತಂತಿದೆ.

ಆದರೂ ಕರ್ತೃವು ಕಥೆಯ ನಡುವೆ ಬಾಯಿಹಾಕುವ ಎಡೆಗಳಲ್ಲಿಯೇ ಈ ಗ್ರಂಥದ ಪ್ರಾಣವಿದೆಯೆಂಬುದು ನಮ್ಮ ಅಭಿಪ್ರಾಯ. 1862ರ ನೃತ್ಯೋತ್ಸವದ ಪ್ರಸಂಗವನ್ನು ನೋಡಿರಿ. ಅರಮನೆಯ ಮಾಳಿಗೆಯಲ್ಲಿ ಚಿತ್ರಿಸಿದ ದೇವತೆಗಳು ತಾವು ಶಾಶ್ವತರೆಂದು ನಗುತ್ತಿರುವರು. ಅಷ್ಟರಲ್ಲಿ ಕರ್ತೃವು ಎಂಬತ್ತು ವರ್ಷ ಮುಂದಕ್ಕೆ ಹಾರಿ, ಅಮೆರಿಕದಲ್ಲಿ ತಯಾರಾದ ಬಾಂಬೊಂದು 1943ರಲ್ಲಿ ಅವರ ಭ್ರಮೆಯನ್ನು ಕಳೆಯಲಿರುವುದೆಂದು ಸೂಚಿಸುತ್ತಾನೆ. ಕಥನದ ನಿಯಮದಿಂದ ಇದು ದೋಷವೇ. ಆದರೆ ಅದೇ 1943ರ ಏಪ್ರಿಲ್ ತಿಂಗಳಲ್ಲಿ ಲಾಂಪೆದೂಸಾನು ಹುಟ್ಟಿದ ಮನೆಯೇ ಬಾಂಬಿಗೆ ತುತ್ತಾಯಿತು. ಹಾಗಿದ್ದೂ ಅವನು ತನ್ನ ಮನೆಯ ಮಾತನ್ನೇ ಎತ್ತುವುದಿಲ್ಲ, ಅಳುವುದಿಲ್ಲ. ಬೇರೊಂದು ಅರಮನೆಯನ್ನು ತೋರಿಸಿ ಒಂದೇ ವಾಕ್ಯದಲ್ಲಿ ಮುಂದೆ ಸಾಗುತ್ತಾನೆ. ಇಂಥ ಸಂಯಮವು ಕಲಿತು ಬರುವ ಜಾಣ್ಮೆಯಲ್ಲ.

ಕಡೆಯ ಅಧ್ಯಾಯವೂ ಹೀಗೆಯೇ. ಪ್ರಭುವು ಸತ್ತು ಇಪ್ಪತ್ತೇಳು ವರ್ಷಗಳಾದ ಮೇಲೆ, 1910ರಲ್ಲಿ, ಅವನ ಮುದ್ದಿನ ನಾಯಿ ಬೆಂದಿಕೊದ ಚರ್ಮಕ್ಕೆ ಹುಲ್ಲು ತುಂಬಿ ಕಾಪಾಡಿದ್ದ ಬೊಂಬೆಯನ್ನು ಕಿಟಕಿಯಿಂದ ಹೊರಕ್ಕೆ ಎಸೆಯುತ್ತಾರೆ. ಅದು ಬೀಳುವ ಕ್ಷಣದಲ್ಲಿ ಆ ಮನೆತನದ ಲಾಂಛನದಲ್ಲಿರುವ ಚಿರತೆಯ ಆಕಾರವನ್ನು ತಾಳಿದಂತೆ ತೋರಿ, ಕಸದಲ್ಲಿ ಧೂಳಾಗುತ್ತದೆ. ಈ ನಾಯಿಯೇ ಕಾದಂಬರಿಯ ಕೀಲಿಕೈಯೆಂದು ಕರ್ತೃವು ಒಂದು ಪತ್ರದಲ್ಲಿ ಬರೆದಿದ್ದನು.

ವಿತ್ತೊರಿನಿಯು ಹೊಸ ಲೇಖಕರಿಗಾಗಿ ಗ್ರಂಥಮಾಲೆಯೊಂದನ್ನು ನಡೆಸುತ್ತಿದ್ದವನು. ಹೊಸತು ಹೇಗಿರಬೇಕೆಂಬ ಕಲ್ಪನೆಯೊಂದು ಅವನ ಮನಸ್ಸಿನಲ್ಲಿ ಮೊದಲೇ ನೆಲೆಸಿದ್ದಿತು. ಬಂದ ಹಸ್ತಪ್ರತಿಯನ್ನು ಅವನು ಅದಕ್ಕೆ ಹೋಲಿಸಿ ನೋಡಿದನೆಂದು ಕಾಣುತ್ತದೆ. ಅವನು ಗುರುತಿಸಿದ ಲಕ್ಷಣವು ನಿಜ. ಅದನ್ನು ದೋಷದ ಪಟ್ಟಿಗೆ ಸೇರಿಸಿದ್ದು ತಪ್ಪು. ಅಪರಿಚಿತನ ಬರಹವನ್ನು ಕೈಗೆತ್ತಿಕೊಳ್ಳುವ ನಾವೆಲ್ಲರೂ ನೆನಪಿನಲ್ಲಿಡತಕ್ಕುದು ಇದನ್ನೇ: ಒಪ್ಪಿಗೆಯಾಗದ ಎಡೆಯನ್ನು ಇನ್ನೊಂದು ಸಲ ಓದಿದ ಮೇಲೆಯೇ ಉತ್ತರವನ್ನು ಬರೆಯಬೇಕು.